ಜೈಲಿನ ಬಾಗಿಲಲ್ಲಿ ಬಾರದ ಹೆಸರು

ಮೊನ್ನೆ ಸೊಸೆ ಹುಚ್ಚೆಳ್ಳು ಹುರಿಯುತ್ತಿದ್ದಳು. ಆ ಘಮ ಹಜಾರಕ್ಕೆ ಬಂದದ್ದೇ ತಡ, ಕೊರಟಗೆರೆ ಹತ್ತಿರದ ನಮ್ಮ ಹಳ್ಳಿಯ ಎದುರುಮನೆ ಅಕ್ಕ ನೆನಪಾದರು. ಬೆಂಗಳೂರಿನ ದೊಡ್ಡ ಜೈಲಿನ ಮುಂದೆ, ಹುಚ್ಚೆಳ್ಳು ಪುಡಿಯ ಗಂಟು ಮಡಿಲಲ್ಲಿಟ್ಟುಕೊಂಡು...

ಆಗ ಮಹಾರಾಜರ ಕಾಲ. ಹೊಲದ ಬದುವಿನ ಜಗಳದಲ್ಲಿ ಒಬ್ಬ ಸತ್ತು, ಅಕ್ಕನ ಗಂಡನಿಗೆ ಜೀವಾವಧಿ ಶಿಕ್ಷೆಯಾಗಿತ್ತು. ಎರಡು ವರ್ಷದಿಂದ ಅಕ್ಕ ಗಂಡನ ಮುಖ ಕಂಡಿರಲಿಲ್ಲ. ಜೈಲಿನಿಂದ ಬಿಡುಗಡೆಯಾಗಿ ಬಂದವನೊಬ್ಬ, ‘ನಿಮ್ಮೆಜಮಾನ್ರಿಗೆ ಕಾಯ್ಲೆ ಕಣಮ್ಮ, ಬೇಗ ಹೋಗಿ ನೋಡ್ಕಂಡ್ ಬಂದ್ಬುಡಿ’ ಅಂದಿದ್ದ. ನಾಲ್ಕಕ್ಷರ ಕಲಿತವನೆಂದು ಅಕ್ಕ ನನ್ನನ್ನು ಜೊತೆಗೆ ಕರೆದುಕೊಂಡರು. ತುಮಕೂರಿನವರೆಗೆ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸು, ಮುಂದೆ ರೈಲು.

ದೊಡ್ಡ ಬಾಗಿಲಿನಲ್ಲೇ ಒಂದು ಸಣ್ಣ ಬಾಗಿಲು. ಅದರ ಪಕ್ಕ ಗುಮಾಸ್ತನೊಬ್ಬ ರಿಜಿಸ್ಟರು ತೆರೆದು ಕೂತಿದ್ದ. ನಾನು ಧೈರ್ಯವಾಗಿ ‘ದೊಡ್ಡಣ್ಣ’ ಅಂದೆ. ಊರೆಲ್ಲ ಹಾಗೇ ಕರೆಯುತ್ತಿತ್ತು, ಅದೇ ಹೆಸರೆಂದು ನಂಬಿದ್ದೆ. ಆ ಹೆಸರಿನವರು ಯಾರೂ ಇಲ್ಲವೆಂದ. ಊರು ಹೇಳಿದೆ. ‘ಊರು ಕಟ್ಕೊಂಡು ನಾನೇನ್ ಮಾಡ್ಲಿ? ಹೆಸರು ಹೇಳಯ್ಯ’ ಎಂದು ಗದರಿದ.

ಅಕ್ಕನಿಗೆ ಸರಿಯಾದ ಹೆಸರು ಗೊತ್ತಿತ್ತು. ಆದರೆ ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದಲ್ಲ!

‘ನನ್ ಕಿವೀಲಾದ್ರೂ ಹೇಳಕ್ಕಾ’ ಎಂದು ಗೋಗರೆದೆ.

‘ಹೆಂಗ್ಲಾ ಹೇಳ್ಲಿ? ನಾನ್ ಹೆಸ್ರು ಹೇಳುದ್ರೆ ಅವ್ರ ಆಯಸ್ಸು ಕಮ್ಮಿಯಾಯ್ತದೆ ಕಣ್ಲಾ ತಮ್ಮಾ. ಮೊದ್ಲೇ ಕಾಯ್ಲೆ...’

ನನಗೆ ಕೋಪ ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದೆ. ಅಕ್ಕ ಬಾಯಿಗೆ ಸೆರಗೊತ್ತಿಕೊಂಡು ನಿಂತರೇ ಹೊರತು ತುಟಿ ಬಿಚ್ಚಲಿಲ್ಲ. ಭೇಟಿಯ ಹೊತ್ತು ಮುಗಿದು ಸಣ್ಣ ಬಾಗಿಲೂ ಮುಚ್ಚಿತು. ಕೈಲಾಗದವನು ಮೈ ಪರಚಿಕೊಂಡ ಅಂತಾರಲ್ಲ, ಹಾಗಿತ್ತು ನನ್ನ ಪಾಡು. ಕಾವಲಿನವನು ಪುಡಿಯ ಗಂಟನ್ನೂ ಒಳಗೆ ಕಳಿಸಲಿಲ್ಲ.

ಊರಿಗೆ ಬಂದವನೇ ಶಾನುಭೋಗರ ಬಳಿ ಹೋಗಿ, ಕಂದಾಯದ ಪುಸ್ತಕದಲ್ಲಿದ್ದ ದೊಡ್ಡಣ್ಣನ ನಿಜವಾದ ಹೆಸರು ಬರೆಸಿಕೊಂಡೆ. ಮತ್ತೆ ಹೊರಡುವಷ್ಟರಲ್ಲಿ ಪೊಲೀಸಿನವನು ಸಾವಿನ ಸುದ್ದಿ ತಂದ. ಅಕ್ಕ ಅಳಲಿಲ್ಲ. ಹೊಸ್ತಿಲಲ್ಲಿ ನಿಂತು, ಬೀದಿಗೆಲ್ಲ ಕೇಳುವಂತೆ, ಗಂಡನ ಹೆಸರು ಹಿಡಿದು ಕೂಗಿದರು. ಒಂದು ಸಲ ಅಲ್ಲ, ಎರಡು ಸಲ ಅಲ್ಲ... ಗಂಟಲು ಕಟ್ಟುವವರೆಗೂ ಕೂಗಿದರು.

ಅಕ್ಕ ಹೋಗಿಯೂ ಎಷ್ಟೋ ಕಾಲವಾಯಿತು. ಸೊಸೆ ರೊಟ್ಟಿಯ ಜೊತೆ ಪುಡಿ ತಂದಿಟ್ಟಳು. ತಟ್ಟೆ ಪಕ್ಕಕ್ಕೆ ಸರಿಸಿದೆ. ಅಂದು ಬೈದದ್ದು ಅಕ್ಕನನ್ನು. ಹೊರಡುವ ಮುಂಚೆಯೇ ಹೆಸರು ಕೇಳಿಕೊಳ್ಳಬೇಕಿದ್ದವನು ನಾನು. ಶಾನುಭೋಗರ ಮನೆ ನಮ್ಮ ಮನೆಯಿಂದ ನಾಲ್ಕೇ ಹೆಜ್ಜೆ.