ಕೊನೆಯವನಿಗೂ ಒಂದು ನಂಬರ್

ಚುನಾವಣೆಯ ಆ ಶನಿವಾರವೂ ಯಾದವ ಅವರು ತಾವು ನೆಲೆಸಿದ್ದ ಪರದೇಶದ ವಿಂಡಮ್ ವೇಲ್‌ನ ಮತಗಟ್ಟೆಯಲ್ಲಿ ಮೇಲ್ಮನೆಯ ಚಾಪೆಯಷ್ಟಗಲದ ಮತಪತ್ರ ಹರಡಿ, ಅಭ್ಯರ್ಥಿಗಳ ಚೌಕಗಳಲ್ಲಿ ಒಂದನ್ನೂ ಬಿಡದೆ, ತಮ್ಮ ಇಷ್ಟದ ಕ್ರಮದಲ್ಲಿ ಒಂದು, ಎರಡು ಎಂದು ನಂಬರ್ ಬರೆಯುತ್ತಿದ್ದರು. ಹೆಂಡತಿ ಗುಣವತಿ, "ಐದು ಬರೆದ್ರೆ ಸಾಕಂತಲ್ಲ ಮಾರಾಯ್ರೆ, ಹಿಂದೆ ಊರೇ ನಿಂತಿದೆ" ಎಂದರೆ, "ಕೊನೆಯವನೂ ಆಸೆಯಿಂದ ನಿಂತಿದ್ದಾನೆ ಮಾರಾಯ್ತಿ" ಎನ್ನುವ ಆಸಾಮಿ. ಮದುವೆಗೆ ಹೋದರೂ ಪಾತ್ರೆ ತೊಳೆಯುವವರನ್ನು ಮಾತನಾಡಿಸದೆ ಕಾರು ಹತ್ತಿದವರಲ್ಲ. ಭಾನುವಾರ ಬೆಳಿಗ್ಗೆ ಅವರು ಏಳಲೇ ಇಲ್ಲ. ಎಣಿಕೆ ವಾರಗಟ್ಟಲೆ ನಡೆಯಿತು. ಸತ್ತವರ ವೋಟನ್ನು ಎತ್ತಿ ಬಿಸಾಡುತ್ತಾರೇನೋ ಎಂದು ಗುಣವತಿಗೆ ಅದೇ ಕೊರಗು. "ಇಲ್ಲಮ್ಮ, ಹಾಕುವಾಗ ಪಪ್ಪ ಇದ್ರಲ್ಲ. ಒಬ್ಬ ಸೋತ್ರೆ ಪಪ್ಪನ ವೋಟು ಅವರು ಬರೆದ ಮುಂದಿನ ನಂಬರಿನವನಿಗೆ ಹೋಗ್ತದೆ. ಇನ್ನೂ ಓಡ್ತಾ ಉಂಟು" ಎಂದಳು ಮಗಳು ಭವ್ಯಶ್ರೀ. ಅಂದು ಗುಣವತಿ ಹೊಟ್ಟೆ ತುಂಬ ಉಂಡಳು. ಈಗಲೂ ದಿನಾ ಬೆಳಿಗ್ಗೆ ಅವರ ಕರಿಬೇವಿನ ಕುಂಡಗಳಿಗೆಲ್ಲ ನೀರು ಹಾಕುತ್ತಾಳೆ, ಒಣಗಿ ನಿಂತದ್ದಕ್ಕೂ.