ಸೀಬೆಮರದ ತಕ್ಕಡಿ ತಟ್ಟೆ

ಗವಿಪುರದ ವಠಾರದ ಹಿತ್ತಿಲಲ್ಲಿ ಇನ್ನೂ ಮಬ್ಬು. ಮಾರ್ಕೆಟ್ಟಿನಿಂದ ತಂದ ಸೊಪ್ಪಿನ ಮೂಟೆಯನ್ನು ದ್ರೌಪದಮ್ಮ ಒಗೆಯುವ ಕಲ್ಲಿನ ಮೇಲೆ ಇಳಿಸುತ್ತಾರೆ. ಅದನ್ನು ಬಿಚ್ಚುವ ಮೊದಲು ಒಳಗಿನಿಂದ ಒಂದು ಹಿಡಿ ಅನ್ನ ತಂದು, ಸೀಬೆಮರದಿಂದ ಮೂರು ಸರಪಳಿಗಳಲ್ಲಿ ತೂಗುತ್ತಿರುವ ಹಿತ್ತಾಳೆ ತಟ್ಟೆಗೆ ಸುರಿಯುತ್ತಾರೆ. ಮೊದಲು ಗೊರವಂಕಗಳ ಜೋಡಿ ಇಳಿಯುತ್ತದೆ. ಅವುಗಳ ಹಿಂದೆಯೇ ಕಾಲು ಸೊಟ್ಟಗಿರುವ ಒಂದು ಕಾಗೆ.

"ಬಂದ್ಯಾ ಕುಂಟಣ್ಣ? ಲೇಟಾಯ್ತಲ್ಲೋ ಇವತ್ತು."

ಕೈ ದಂಟಿನ ಸೊಪ್ಪನ್ನು ಕಟ್ಟು ಕಟ್ಟುತ್ತಿರುತ್ತದೆ, ಕಣ್ಣು ತಟ್ಟೆಯ ಮೇಲೇ ಇರುತ್ತದೆ. ದಿನದಲ್ಲಿ ಅವರ ಮುಖ ಸಡಿಲವಾಗುವುದು ಇಷ್ಟು ಹೊತ್ತು ಮಾತ್ರ.

ತಟ್ಟೆ ಒಂದು ಕಾಲಕ್ಕೆ ತಕ್ಕಡಿಯದು. ಗಂಡ ಬಚ್ಚಪ್ಪ ಎನ್.ಆರ್. ಕಾಲೋನಿಯವರೆಗೂ ಗಾಡಿ ತಳ್ಳಿ ಸೊಪ್ಪು ತರಕಾರಿ ಮಾರುತ್ತಿದ್ದರು. ಬ್ಯಾಟರಿ ತಕ್ಕಡಿ ಬಂದ ಮೇಲೆ ಹಳೆಯದನ್ನು ಗುಜರಿಗೆ ಹಾಕಲು ಮನಸ್ಸಾಗದೆ ಒಂದು ತಟ್ಟೆಯನ್ನು ಮರಕ್ಕೆ ಕಟ್ಟಿದರು. "'ಗಿರಾಕಿಗೆ ತೂಗಿ ತೂಗಿ ಸಾಕಾಯ್ತು ಕಣೇ, ಇವಕ್ಕಾದ್ರೂ ತೂಗ್ದೆ ಹಾಕೋಣ' ಅಂದ್ರು," ಎಂದು ದ್ರೌಪದಮ್ಮ ನನಗೆ ಹೇಳುತ್ತಾರೆ.

ಕಳೆದ ವರ್ಷ ಬಚ್ಚಪ್ಪ ಎದೆನೋವಿನಿಂದ ತೀರಿಕೊಂಡರು. ಗಾಡಿ ಈಗ ಇವರ ಕೈಯಲ್ಲಿದೆ. ಏರಿನಲ್ಲಿ ಮಂಡಿ ಹಿಡಿದುಕೊಳ್ಳುತ್ತದೆ. "ಎಲ್ರೂ ಮೊಬೈಲಲ್ಲೇ ತರಿಸ್ಕೋತಾರೆ. ನಾನ್ ಕೂಗಿದ್ರೆ ನಾಯಿ ಒಂದೇ ಆಚೆ ಬರೋದು."

ಆದರೆ ಅವರನ್ನು ಕೊರೆಯುವುದು ಬೇರೆ. ಹನ್ನೊಂದನೇ ದಿನದ ಎಡೆಯನ್ನು ಕಾಗೆ ಮುಟ್ಟಿದರೆ ಹೋದವರು ಉಂಡಂತೆ. ಬಾಳೆಲೆಯಲ್ಲಿ ಮುದ್ದೆ, ಬಚ್ಚಪ್ಪನವರಿಗೆ ಇಷ್ಟವಾದ ಹುರುಳಿ ಸಾರು ಇಟ್ಟು ನೆಂಟರೆಲ್ಲ ಕಾದರು. ಕಾಗೆಗಳು ತಾರಸಿಯ ಮೇಲೆ ಕೂತು ರೆಕ್ಕೆ ಕೆದರಿಕೊಂಡವೇ ಹೊರತು ಒಂದೂ ಇಳಿಯಲಿಲ್ಲ. ಅಂದು ಬೆಳಿಗ್ಗೆಯೂ, ಅಳುತ್ತಳುತ್ತಲೇ, ದ್ರೌಪದಮ್ಮ ಅಭ್ಯಾಸದಂತೆ ತಟ್ಟೆ ತುಂಬಿಸಿಬಿಟ್ಟಿದ್ದರು.

"ಹೊಟ್ಟೆ ತುಂಬಿದೋವು ಯಾಕ್ ಬರ್ತವೆ ಹೇಳಿ? ಹಂಗಂದಿದ್ದಕ್ಕೆ ನಾದಿನಿ, 'ನಮ್ಮಣ್ಣನ ಬಾಯಿಗೆ ನೀನೇ ಮಣ್ಣ್ ಹಾಕ್ದೆ' ಅಂದ್ಬಿಟ್ಲು. ಒಂದೊಂದ್ಸಲ ನಂಗೂ ಹಂಗೇ ಅನ್ಸುತ್ತೆ. ಅವ್ರು ಹಸ್ಕೊಂಡೇ ಹೋದ್ರೇನೋ ಅಂತ."

ಭಾನುವಾರ ವರ್ಷದ ತಿಥಿ. ಎರಡು ದಿನ ಮೊದಲಿನಿಂದಲೇ ತಟ್ಟೆಗೆ ಏನೂ ಹಾಕಕೂಡದೆಂದು ನಾದಿನಿ ಪಿಳ್ಳಮ್ಮ ಕಟ್ಟುನಿಟ್ಟು ಮಾಡಿದ್ದಾರೆ. ದ್ರೌಪದಮ್ಮ ಒಪ್ಪಿದ್ದಾರೆ.

ಶನಿವಾರ ಬೆಳಿಗ್ಗೆ ನಾನು ಮತ್ತೆ ಹೋದಾಗ ತಟ್ಟೆ ಖಾಲಿ. ಹಿತ್ತಿಲ ಬಾಗಿಲಲ್ಲಿ ಪಿಳ್ಳಮ್ಮ ಕಾವಲಿನಂತೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ. ಗೊರವಂಕಗಳು ಬಂದು, ನೋಡಿ, ಹಾರಿಹೋಗುತ್ತವೆ. ಕುಂಟ ಕಾಗೆ ಹೋಗುವುದಿಲ್ಲ. ತಟ್ಟೆಯ ಅಂಚಿನಲ್ಲಿ ಕೂತು ಹಿತ್ತಾಳೆಯನ್ನೇ ಕುಕ್ಕುತ್ತದೆ. ಟಣ್. ಟಣ್. ಸೊಪ್ಪು ಕಟ್ಟುತ್ತಿದ್ದ ದ್ರೌಪದಮ್ಮನ ಕೈ ನಿಲ್ಲುತ್ತದೆ.

"ಅತ್ಗೆ, ನೋಡ್ಬೇಡ ಆ ಕಡೆ," ಎನ್ನುತ್ತಾರೆ ಪಿಳ್ಳಮ್ಮ.

ದ್ರೌಪದಮ್ಮ ಎದ್ದು ಒಳಗೆ ಹೋಗಿ ಅನ್ನದ ಪಾತ್ರೆಯನ್ನೇ ಎತ್ತಿಕೊಂಡು ಬರುತ್ತಾರೆ.

"ಅಯ್ಯೋ! ನಾಳೆನೂ ಮುಟ್ದಿದ್ರೆ?"

"ಹಸಿವು ತಡೀದೆ ಮುಟ್ಟಿದ್ರೆ ಅದು ನಿಮ್ಮಣ್ಣ ಬಂದಂಗಾಗುತ್ತಾ, ಪಿಳ್ಳಿ? ಇವನ್ನ ಕಾಯಿಸಿ ಅವ್ರು ಒಂದಿನಾನೂ ಉಂಡೋರಲ್ಲ."

ಪಿಳ್ಳಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಬೆಳ್ಳುಳ್ಳಿಯ ಖಾರಕ್ಕೋ ಏನೋ.

ಅನ್ನ ಬಿದ್ದ ತಟ್ಟೆ ತೂಗಾಡುತ್ತದೆ. ದ್ರೌಪದಮ್ಮ ಸೊಪ್ಪಿನ ಮುಂದೆ ಕೂತು, ಕಾಗೆಯ ಕಡೆ ತಿರುಗಿ, ಮೆಲ್ಲಗೆ ಕೇಳಿಕೊಳ್ಳುತ್ತಾರೆ:

"ತಿನ್ನು ಕುಂಟಣ್ಣ. ನಾಳೆ ಮಾತ್ರ ಹೊಟ್ಟೇಲಿ ಒಂದಗುಳು ಅನ್ನಕ್ಕೆ ಜಾಗ ಇಟ್ಕೊಂಡ್ ಬಾ."