ಲೊರೇನ್ ತಂದ ತೆರಿಗೆಯಿಲ್ಲದ ಸಿಗರೇಟು

ಅಮೆರಿಕದ ಬಫಲೋ ಊರಿನ ದಕ್ಷಿಣದ ಬೀದಿಗಳಲ್ಲಿ ಲೊರೇನ್ ನೊವಿಕಿಯನ್ನು ಅರಿಯದವರೇ ಇರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ಹೆಂಗಸು. ರಸ್ತೆಯ ಆಚೆ ಬದಿಗೂ ಕೇಳಿಸುವ ಗಂಟಲು, ಯಾರ ಮನೆಯಲ್ಲಿ ಸಾವಾದರೂ ಎಲ್ಲರಿಗಿಂತ ಮೊದಲು ಊಟ ಹೊತ್ತು ಹೋಗುವ ಸ್ವಭಾವ. ಆದರೆ ಅವಳಿಗೆ ಹೆಸರು ಬಂದದ್ದು ಸಿಗರೇಟಿನಿಂದ. ಶನಿವಾರ ಬೆಳಗಾದರೆ ಕಾರು ತೆಗೆದುಕೊಂಡು ಸೆನೆಕಾ ಎಂಬ ಮೂಲನಿವಾಸಿ ಜನರ ನೆಲಕ್ಕೆ ಹೋಗುವಳು. ಅಲ್ಲಿನ ಅಂಗಡಿಗಳಲ್ಲಿ ರಾಜ್ಯದ ತೆರಿಗೆ ನಡೆಯುವುದಿಲ್ಲ. ಅರ್ಧ ಬೀದಿಗೆ ಬೇಕಾಗುವಷ್ಟು ಸಿಗರೇಟು ಅವಳ ಡಿಕ್ಕಿಯಲ್ಲಿ ಬರುತ್ತಿತ್ತು. ಲಾಭ ಅಂತ ಒಂದು ಕಾಸು ಮುಟ್ಟಿದವಳಲ್ಲ. ಸರ್ಕಾರಕ್ಕೆ ಚಳ್ಳೆಹಣ್ಣು ತಿನ್ನಿಸಿದ ಖುಷಿಯೇ ಅವಳಿಗೆ ಸಾಕಿತ್ತು, ಬೀದಿಯವರೂ ಅದನ್ನು ಪುಣ್ಯದ ಕೆಲಸವೆಂದೇ ಕೊಂಡಾಡುತ್ತಿದ್ದರು.

ಇದೆಲ್ಲ ಶುರುವಾದದ್ದು ಅವಳ ಗಂಡ ಕ್ಯಾಜ್‌ನಿಂದ.

ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಕ್ಯಾಜ್ ಶಾಲೆಯ ಬಸ್ಸು ಓಡಿಸುತ್ತಿದ್ದ. ಮಹಾ ಹಟಮಾರಿ. ಸಿಗರೇಟು ಬಿಡು ಎಂದು ಡಾಕ್ಟರು ಹೇಳಿ ಸೋತರು, ಪಾದ್ರಿ ಹೇಳಿ ಸೋತರು, ಮಗಳು ಅತ್ತು ಸೋತಳು. ಆಗ ರಾಜ್ಯವಾಳುವ ಗವರ್ನರ್ ಸಿಗರೇಟಿನ ತೆರಿಗೆಯನ್ನು ಒಮ್ಮೆಲೇ ಏರಿಸಿದರು. ಬೀದಿಯ ಜನ ತಮಗೆ ತೋಚಿದ ದಾರಿ ಹಿಡಿದರು. ಒಬ್ಬ ಅರ್ಧ ಸೇದಿ ಆರಿಸಿ, ಉಳಿದರ್ಧವನ್ನು ಕಿವಿಯ ಮೇಲೆ ಸಿಕ್ಕಿಸಿಕೊಳ್ಳತೊಡಗಿದ. ಪಕ್ಕದ ಮನೆಯ ವಾಂಡಾ ದಿನಕ್ಕೊಂದು ಕಡಿಮೆ ಮಾಡಿ, ಈಸ್ಟರ್ ಮುಂಚಿನ ಉಪವಾಸವನ್ನೆಲ್ಲ ಒಬ್ಬಳೇ ಹಿಡಿದವಳಂತೆ ಹೇಳಿಕೊಂಡು ತಿರುಗಿದಳು. ಕ್ಯಾಜ್ ಅಂಗಡಿಯಲ್ಲಿ ಹೊಸ ಬೆಲೆ ಕೇಳಿದವನೇ ಪ್ಯಾಕನ್ನು ಕಟ್ಟೆಯ ಮೇಲೇ ಬಿಟ್ಟು ಬಂದ.

"ಎದೆ ನಂದು, ಹಾಳು ಮಾಡ್ಕೊಳೋನೂ ನಾನು. ಮಧ್ಯೆ ಆ ಗವರ್ನರ್‌ಗೆ ಯಾಕೆ ಕಮಿಷನ್ ಕೊಡ್ಲಿ?" ಎಂದು ಬಾರಿನಲ್ಲಿ ಕೂತು ಎಲ್ಲರಿಗೂ ಸಾರಿದ.

ಹೇಳಿದ ಹಾಗೇ ನಡೆದುಕೊಂಡ. ಮೊದಲ ವಾರಗಳಲ್ಲಿ ಮುಟ್ಟಿದರೆ ಸಿಡಿಯುತ್ತಿದ್ದ. ಆಮೇಲೆ ಬೆಳಗಿನ ಕೆಮ್ಮು ನಿಂತಿತು. ಆ ಚಳಿಗಾಲವೆಲ್ಲ ಬಾಗಿಲ ಮುಂದಿನ ಹಿಮವನ್ನು ಎಲ್ಲೂ ಕೂರದೆ ಎತ್ತಿ ಹಾಕಿದ. ಒಂದು ದಿನ ಊಟಕ್ಕೆ ಕೂತವನು, "ಎಲೆಕೋಸಿಗೂ ಒಂದು ರುಚಿ ಇದೆ ಕಣೇ. ಇಷ್ಟು ದಿನ ನೀನು ಮುಚ್ಚಿಟ್ಟಿದ್ಯಾ?" ಎಂದ.

ಲೊರೇನ್ ನಗಲಿಲ್ಲ. ಮದುವೆಯಾದಂದಿನಿಂದ ರಾತ್ರಿಯ ಊಟ ಮುಗಿದ ಮೇಲೆ ಇಬ್ಬರೂ ಹಿತ್ತಲ ಜಗಲಿಯಲ್ಲಿ ಕೂತು ಸೇದುತ್ತಿದ್ದರು. ಸಂಸಾರದ ಮಾತೆಲ್ಲ ಆಗುತ್ತಿದ್ದದ್ದು ಅಲ್ಲೇ. ಈಗ ಅವನು ಒಳಗೆ ಟೀವಿ ಮುಂದೆ, ಇವಳು ಹೊರಗೆ ಕೊರೆಯುವ ಚಳಿಯಲ್ಲಿ ಒಬ್ಬಳೇ. ತಾನು ಬಿಡಲಾರದ್ದನ್ನು ಅವನು ಬರೀ ಸಿಟ್ಟಿನಿಂದ ಬಿಟ್ಟನಲ್ಲ ಎಂಬ ಹೊಟ್ಟೆಕಿಚ್ಚೂ ಇತ್ತು. ಪ್ರೀತಿ ಯಾವುದು, ಕಿಚ್ಚು ಯಾವುದು ಎಂದು ಬಿಡಿಸಿ ನೋಡುವ ಹೆಂಗಸಲ್ಲ ಅವಳು. ಒಂದು ಶನಿವಾರ ಸೆನೆಕಾ ಜನರ ಅಂಗಡಿಗೆ ಹೋಗಿ, ಅವನು ಸೇದುತ್ತಿದ್ದ ಸಿಗರೇಟನ್ನೇ ತಂದು ಕಾಫಿಯ ಪಕ್ಕದಲ್ಲಿಟ್ಟಳು.

"ಏನೇ ಇದು?"

"ಗವರ್ನರ್‌ಗೆ ಒಂದು ಸೆಂಟೂ ಹೋಗಿಲ್ಲ ಇದ್ರಲ್ಲಿ. ಸೇದು."

"ಬಿಟ್ಟಿದೀನಲ್ಲ."

"ನೀನು ಬಿಟ್ಟಿದ್ದು ತೆರಿಗೆ ಕಟ್ಟೋದನ್ನ. ಊರಿಗೆಲ್ಲ ಹಾಗೇ ತಾನೇ ಹೇಳಿದ್ದು? ತೆರಿಗೆನೇ ಇಲ್ಲ ಅಂದ್ಮೇಲೆ ಇನ್ನೇನು ನಿಂದು?"

ಕ್ಯಾಜ್ ಆ ಪ್ಯಾಕನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಉಸಿರು ಸಲೀಸಾಗಿದೆ, ಇದು ನನಗೆ ಬೇಡ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಜೀವದಾಸೆಯಿಂದ ಬಿಟ್ಟೆ ಎನ್ನಲು ಉಕ್ಕಿನ ಕಾರ್ಖಾನೆಯ ಗಂಡಸಿಗೆ ನಾಚಿಕೆ. ಸಿಟ್ಟಿನಿಂದ ಬಿಟ್ಟೆ ಎಂದು ಎದೆ ತಟ್ಟಿಕೊಂಡವನಿಗೆ ಈಗ ಸಿಟ್ಟಿಗೆ ಕಾರಣವೇ ಇರಲಿಲ್ಲ. "ವಕೀಲಳಾಗಬೇಕಿತ್ತು ನೀನು," ಎಂದು ನಕ್ಕು ಪ್ಯಾಕು ಒಡೆದ. ಅಂದು ಸಂಜೆ ಜಗಲಿಯಲ್ಲಿ ಲೊರೇನ್‌ಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಗ್ಗಕ್ಕೆ ಸಿಗುತ್ತದಲ್ಲ ಎಂದು ಇಬ್ಬರೂ ಮೊದಲಿಗಿಂತ ಹೆಚ್ಚೇ ಸೇದಿದರು. ಆ ಬೀದಿಯಲ್ಲಿ ತೆರಿಗೆಯ ಏರಿಕೆ ಸಿಗರೇಟಿನ ಚಟ ಬಿಡಿಸಿದ್ದು ಒಬ್ಬನೇ ಒಬ್ಬನಿಗೆ. ಅವನನ್ನೂ ಇವಳು ಮತ್ತೆ ಅದಕ್ಕೇ ಎಳೆದು ತಂದಳು.

ವರ್ಷಗಳು ಉರುಳಿದವು. ಆಸ್ಪತ್ರೆಯ ಮಂಚದಲ್ಲಿ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಸಿಕೊಂಡು ಕೂತ ಕ್ಯಾಜ್‌ಗೆ ಎರಡು ಮಾತಾಡಿದರೆ ದಮ್ಮು ಹತ್ತುತ್ತಿತ್ತು. ಮಗಳ ವಯಸ್ಸಿನ ವೈದ್ಯೆಯೊಬ್ಬಳು ಬಂದು ಒಂದೊಂದೇ ಪ್ರಶ್ನೆ ಕೇಳಿದಳು. ಲೊರೇನ್ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು.

"ಮಧ್ಯೆ ಯಾವಾಗಾದ್ರೂ ಬಿಟ್ಟಿದ್ರಾ?"

ಕ್ಯಾಜ್ ಹೆಂಡತಿಯ ಕಡೆ ತಿರುಗಿ ನೋಡಿದ.

"ಇಲ್ಲಮ್ಮ. ಒಂದು ದಿನಾನೂ ಇಲ್ಲ."

"ಪ್ರಯತ್ನನಾದ್ರೂ ಮಾಡ್ಲಿಲ್ವಾ?"

"ಅಷ್ಟು ಗಟ್ಟಿ ಮನುಷ್ಯ ಅಲ್ಲ ನಾನು."

ವೈದ್ಯೆಯ ಮುಖದಲ್ಲಿ ತಾತ್ಸಾರ ಸುಳಿದದ್ದನ್ನು ಲೊರೇನ್ ಕಂಡಳು. ಹಾಗಲ್ಲ, ಒಂದಿಡೀ ಚಳಿಗಾಲ ಬಿಟ್ಟಿದ್ದ, ಮತ್ತೆ ಹಿಡಿಸಿದವಳು ನಾನು ಎಂದು ಹೇಳಬೇಕಿತ್ತು. ಜೀವಮಾನದಲ್ಲಿ ಅವನು ಹೆಮ್ಮೆಯಿಂದ ಹೇಳಿಕೊಳ್ಳಬಹುದಾಗಿದ್ದದ್ದು ಅದೊಂದೇ. ಅದನ್ನೂ ಅವಳ ಮಾನ ಉಳಿಸಲು ಬಿಟ್ಟುಕೊಟ್ಟಿದ್ದ. ಅವನ ಮೇಲೆ ಅವಳಿಗೆ ಕೆಟ್ಟ ಕೋಪ ಬಂತು. ಅದರ ಜೊತೆಗೇ ಸದ್ಯ ಬಚಾವಾದೆ ಎಂದೂ ಅನಿಸಿತು, ಹಾಗೆ ಅನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಆದರೂ ಬಾಯಿ ತೆರೆಯಲಿಲ್ಲ. ವೈದ್ಯೆ 'ಇಲ್ಲ' ಎಂದು ಬರೆದುಕೊಂಡು, "ಊಟ ಸೇರುತ್ತಾ?" ಎಂದು ಮುಂದಿನದನ್ನು ಕೇಳಿದಳು.